ಬಾಳೆಹಣ್ಣಿನ ಉಪವಾಸ ಮತ್ತು ನನ್ನ ಎಡಗಣ್ಣು

ನನ್ನ ಎಡಗಣ್ಣು ನನ್ನ ಅಪ್ಪಣೆ ಕೇಳದೆ ಅಳುವುದಕ್ಕೆ ಶುರು ಮಾಡಿ ವರ್ಷವೇ ಕಳೆದಿರಬೇಕು. ಬಲಗಣ್ಣು ತನ್ನ ಪಾಡಿಗೆ ತಾನು ಇರುತ್ತಿತ್ತು. ಎಡಗಣ್ಣಿನಿಂದ ಮಾತ್ರ, ನಾನು ತೊಗರಿಬೇಳೆ ಆರಿಸುತ್ತಿರಲಿ, ಸಂತೆಯಲ್ಲಿ ಮೆಂತ್ಯೆ ಸಿವುಡಿಗೆ ಚೌಕಾಶಿ ಮಾಡುತ್ತಿರಲಿ, ನೀರು ಇಳಿಯುತ್ತಲೇ ಇರುತ್ತಿತ್ತು. ಮೆಂತ್ಯೆ ಮಾರುವವಳು ಗಾಬರಿಯಾಗಿ, ‘ಅಳಬ್ಯಾಡ್ರಿ ಅವ್ವಾರ, ನೀವು ಕೇಳಿದಷ್ಟಕ್ಕ ತಗೋರಿ’ ಎಂದು ಕೊಟ್ಟಿದ್ದೂ ಉಂಟು. ನಾನು ಸುಮ್ಮನೆ ತೆಗೆದುಕೊಂಡು ಬಂದದ್ದೂ ಉಂಟು. ಆದರೆ ಒಂದು ಸಲ ನಮ್ಮ ಓಣಿಯಲ್ಲೇ ಒಬ್ಬರು ತೀರಿಕೊಂಡಾಗ ಮಾತನಾಡಿಸಿಕೊಂಡು ಬರಲು ಹೋಗಿದ್ದೆ. ನನ್ನ ಒಂದು ಕೆನ್ನೆ ತೊಯ್ದು, ಇನ್ನೊಂದು ಒಣಗಿಯೇ ಇರುವುದನ್ನು ಆ ಮನೆಯ ಸೊಸೆ ಬಹಳ ಹೊತ್ತು ನೋಡಿದಳು. ಅರ್ಧ ದುಃಖ ತಂದ ಹೆಂಗಸು ಎಂದು ತಿಳಿದುಕೊಂಡಿರಬೇಕು.

ಅಲ್ಲಿಗೇ ನಿಂತಿದ್ದರೆ ಹಾಗೇ ದಿನ ತಳ್ಳುತ್ತಿದ್ದೆ. ಆದರೆ ಕಣ್ಣು ಮತ್ತು ಮೂಗಿನ ನಡುವಿನ ಆ ಸಣ್ಣ ಮೂಲೆ ಬಾತುಕೊಂಡಿತು. ಗುಳಿಗೆಗೆ ಇಳಿಯಿತು. ಮತ್ತೆ ಬಾತಿತು, ಈ ಸಲ ಕಣ್ಣು ತೆರೆಯಲಾಗದಷ್ಟು. ಆಗ ನಮ್ಮ ಮನೆಯವರು ಶಾಲೆಗೆ ರಜೆ ಹಾಕಿ ನನ್ನನ್ನು ಕಮಲಾಪುರದಿಂದ ಕಲಬುರಗಿಗೆ ಕರೆದುಕೊಂಡು ಹೋದರು.

ಕಣ್ಣಿನ ಡಾಕ್ಟರು ಕಡಿಮೆ ಮಾತಿನವರು. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರು, ಬಂದದ್ದನ್ನು ಹತ್ತಿಯಿಂದ ಒರೆಸಿದರು.

‘ಕಣ್ಣೀರು ಮೂಗಿಗಿ ಇಳಿಯೋ ದಾರಿ ಕಟ್ಟ್ಯಾದ್ರಿ. ಎಲುಬಿನಾಗ ಒಂದು ಸಣ್ಣ ತೂತು ಮಾಡಿ ಹೊಸ ದಾರಿ ಬಿಡಬೇಕು. ಈಗ ಗುಳಿಗಿ ಕೊಡ್ತೀನಿ, ಬಾವು ಇಳೀತದ. ಇಳಿದಾಗನೇ ಆಪರೇಷನ್ ಆಗಬೇಕು. ಮತ್ತೊಮ್ಮೆ ಬಾತಿತಂದ್ರ ಚರ್ಮ ಒಡದು ಹೊರಗ ಬರ್ತದ. ಆಮ್ಯಾಲೆ ನನಗೂ ತ್ರಾಸ, ನಿಮಗೂ ತ್ರಾಸ.’

ಅಷ್ಟಕ್ಕೇ ಮುಗಿಯಲಿಲ್ಲ. ನನಗೆ ಚಿಕ್ಕಂದಿನಿಂದ ದಮ್ಮು. ತೊಗರಿ ರಾಶಿಯ ದಿನಗಳಲ್ಲಿ ನನ್ನ ಎದೆ ಹಳೆಯ ಹಾರ್ಮೋನಿಯಂ ಹಾಗೆ ಎಲ್ಲ ಸ್ವರಗಳನ್ನೂ ನುಡಿಸುತ್ತದೆ. ಇಂಥ ಎದೆಯವಳಿಗೆ ಪೂರ್ತಿ ಎಚ್ಚರ ತಪ್ಪಿಸಿ, ಗಂಟಲಿಗೆ ನಳಿಗೆ ಹಾಕಿ ಕೊಯ್ಯುವುದು ಬೇಡ ಎಂದು ಅವರ ಅಭಿಪ್ರಾಯ. ಅರಿವಳಿಕೆ ಕೊಡುವ ಡಾಕ್ಟರಮ್ಮನನ್ನು ನೋಡಿ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಆಕೆಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಇದೇ ಊರಲ್ಲಿ ಹುಟ್ಟಿ ಬೆಳೆದವರು, ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ನಮ್ಮದೇ ಕನ್ನಡ. ನನ್ನ ಎದೆಯ ಹಾರ್ಮೋನಿಯಂ ಕೇಳಿ ಮುಗಿಸಿ, ನಿಧಾನವಾಗಿ ಹೇಳಿದರು.

‘ನೋಡ್ರಿ ಅಕ್ಕಾರ, ಹಿಂದಿನ ದಿನ ಮಲಗೂ ಮುಂದ ಒಂದು ಗುಳಿಗಿ. ಟೇಬಲ್ ಮ್ಯಾಲೆ ಒಂದು ಸಣ್ಣ ಇಂಜೆಕ್ಷನ್. ಅದು ನಿದ್ದಿ ಅಲ್ಲ, ಜೋಂಪು. ನೀವು ಉಸಿರು ನೀವೇ ತಗೋತೀರಿ. ಆದ್ರ ಅಂಜಿಕಿ ಇಳೀತದ. ಅಂಜಿಕಿ ಇಳಿದ್ರ ಬಿಪಿ ಇಳೀತದ, ಮೂಗಿನಾಗ ರಕ್ತ ಕಮ್ಮಿ ಹೋಗ್ತದ, ಉಳಿದ ಔಷಧಾನೂ ಕಮ್ಮಿ ಸಾಕಾಗ್ತದ. ನಿಮ್ಮ ಎದಿಗಿ ಔಷಧ ಎಷ್ಟು ಕಮ್ಮಿ ಆದ್ರ ಅಷ್ಟು ಛಲೋ.’

‘ನಾ ಏನ್ ಅಂಜೂಕಿ ಅಲ್ರಿ’ ಎಂದೆ.

‘ಭಾಳ ಛಲೋ ಆತು. ಹೊಟ್ಟಿ ಮಾತ್ರ ಖಾಲಿ ಇರ್ಲಿ. ಮುಂಜಾನಿ ಏನೂ ತಿನ್ನಬ್ಯಾಡ್ರಿ.’

ನಾನು ಒಳಗೊಳಗೇ ನಕ್ಕೆ. ಏಕಾದಶಿ ತಪ್ಪಿಸದ ಮನೆಗೆ ಸೊಸೆಯಾಗಿ ಬಂದವಳು ನಾನು. ಗುರುವಾರ ಬೇರೆ, ಸಂಕಷ್ಟಿ ಬೇರೆ. ತಿನ್ನದೆ ಇರುವುದನ್ನು ನನಗೆ ಹೇಳಿಕೊಡಬೇಕೆ?

ಇಲ್ಲಿ ನಮ್ಮ ಮನೆಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ತಿನ್ನುವುದು ಎಂದರೆ ಅನ್ನ, ರೊಟ್ಟಿ, ಬೇಳೆ, ಉಪ್ಪಿಟ್ಟು. ಹಾಲು, ಹಣ್ಣು, ಶೇಂಗಾ, ಸಾಬೂದಾನಿ ಖಿಚಡಿ ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಏಕಾದಶಿಯ ದಿನ ಮಧ್ಯಾಹ್ನ ಯಾರಾದರೂ ಬಾಗಿಲಿಗೆ ಬಂದು ‘ಊಟ ಆತೇನ್ರಿ?’ ಎಂದರೆ, ‘ಇಲ್ರಿ, ಇವತ್ತು ಏನೂ ತಿಂದಿಲ್ಲ’ ಎನ್ನುತ್ತೇವೆ. ಹಾಗೆನ್ನುವಾಗ ಹುರಿದ ಜೀರಿಗೆಯ ಘಮ ಬೀದಿಯವರೆಗೂ ಇರುತ್ತದೆ. ಇದನ್ನು ಯಾರೂ ಸುಳ್ಳು ಎಂದು ತಿಳಿದಿಲ್ಲ. ಮನೆಗೆ ಗೋಡೆ ಇದ್ದ ಹಾಗೆ ಇದೂ ಇದೆ, ಅಷ್ಟೆ.

ಆಪರೇಷನ್ನಿನ ದಿನ ನಸುಕಿನಲ್ಲಿ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಒಲೆಯ ಮುಂದೆ ಇದ್ದರು. ಎಂಬತ್ತರ ಹತ್ತಿರದ ಜೀವ. ಅವರು ಮಾತ್ರ ಆಷಾಢದ ಏಕಾದಶಿಗೆ ಇಂದಿಗೂ ನೀರನ್ನೂ ಮುಟ್ಟುವುದಿಲ್ಲ. ಸಡಿಲಿಕೆಗಳೆಲ್ಲ ನಮ್ಮಂಥ ಅಶಕ್ತರಿಗೆ.

‘ಡಾಕ್ಟರ್ ಏನೂ ತಿನ್ನಬ್ಯಾಡ ಅಂದಾರ್ರಿ ಅತ್ತಿ’ ಎಂದೆ.

‘ಯಾರು ತಿನ್ನು ಅಂದ್ರು? ಒಂದು ಲೋಟ ಹಾಲು, ಒಂದು ಹಣ್ಣು. ಎರಡು ಚಮಚಾ ಸಾಬೂದಾನಿ. ನಿನಗ ಪಿತ್ತದ ಮೈ, ಬಸ್ಸಿನಾಗ ತಲಿ ತಿರಗಿ ಬಿದ್ದಿ ಅಂದ್ರ? ದವಾಖಾನಿಯವರಿಗಿ ಉಪಾಸದ ನೇಮ ಏನ್ ಗೊತ್ತು?’

ಹಣ್ಣು ಎಂದರೆ ನಮ್ಮೂರಿನ ಕೆಂಪು ಬಾಳೆಹಣ್ಣು. ನೋಡದವರಿಗೆ ಹೇಳುತ್ತೇನೆ, ಅದು ಒಂದು ಹಣ್ಣಲ್ಲ, ಒಂದು ಊಟ. ಎರಡು ಚಮಚ ಎಂದರೆ ಅತ್ತೆಯ ಚಮಚ, ಬಡಿಸುವುದು. ನಾನು ಏನೂ ತಿನ್ನದೆ, ತೃಪ್ತಿಯಿಂದ ಒಂದು ತೇಗು ತೇಗಿ ಬಸ್ ಹತ್ತಿದೆ.

ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿದರು, ತಲೆಗೆ ಟೋಪಿ. ಬಳೆ ತೆಗೆಯಲು ಒಪ್ಪದ್ದಕ್ಕೆ ನರ್ಸ್ ಬಾಯಿಯವರು ಮೊಣಕೈವರೆಗೂ ಬ್ಯಾಂಡೇಜ್ ಸುತ್ತಿದರು. ಹಬ್ಬಕ್ಕೆ ಕಟ್ಟಿದ ಕಡುಬಿನ ಹಾಗೆ ಕಾಣುತ್ತಿದ್ದೆ.

‘ಮುಂಜಾನಿಂದ ಏನರ ತಿಂದೀರೇನ್ರಿ?’

‘ಏನೂ ಇಲ್ರಿ’ ಎಂದೆ. ನಮ್ಮ ಮನೆಯವರು ಪಕ್ಕದಿಂದ, ‘ಆಕೀ ಉಪಾಸದಾಗ ಭಾಳ ಗಟ್ಟಿ ಬಿಡ್ರಿ’ ಎಂದು ಸರ್ಟಿಫಿಕೇಟು ಬೇರೆ ಕೊಟ್ಟರು.

ಆಮೇಲೆ ಡಾಕ್ಟರಮ್ಮ ಬಂದರು. ಅದು ರಂಜಾನ್ ತಿಂಗಳು. ಹೊರಗೆ ಕಲಬುರಗಿಯ ಬಿಸಿಲು. ಅವರ ತುಟಿ ಒಣಗಿತ್ತು. ನನ್ನ ಬಾಯಿ ತೆರೆಸಿ ನೋಡಿದರು, ಮುಖ ನೋಡಿದರು.

‘ಏನೂ ತಿಂದಿಲ್ಲಲ್ರಿ?’

‘ಏನೂ ಇಲ್ರಿ.’

‘ಹಾಲು?’

‘ಹಾಲು ಒಂದು ಲೋಟ ಆಗ್ಯಾದ್ರಿ.’

‘ಹಣ್ಣು?’

‘ಒಂದೇ ಒಂದು. ಕೆಂಪು ಬಾಳಿಹಣ್ಣು.’

‘ಸಾಬೂದಾನಿ?’

ನನಗೆ ನಿಜವಾಗಿ ಆಶ್ಚರ್ಯವಾಯಿತು. ‘ನಿಮಗ ಹ್ಯಾಂಗ ಗೊತ್ತಾತ್ರಿ?’

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ‘ನಾ ಇದೇ ಊರಾಕಿ ಅಕ್ಕಾರ. ನಮ್ಮ ಗಲ್ಲಿ ತುಂಬ ನಿಮ್ಮ ಮಂದೀನೇ ಇದ್ರು. ಇವತ್ತ ಏನೂ ತಿಂದಿಲ್ಲ ಅಂತ ಅನಕೋತನೇ ನಮ್ಮ ಮನಿಗೂ ಒಂದು ಬಟ್ಟಲಾ ಖಿಚಡಿ ಕಳಸ್ತಿದ್ರು.’

ನರ್ಸ್ ಬಾಯಿ ಬೇರೆ ಕಡೆ ತಿರುಗಿ ನಿಂತರು. ಅವರ ಭುಜ ಅಲುಗಾಡುತ್ತಿತ್ತು.

‘ಇವತ್ತು ಆಗಂಗಿಲ್ಲ’ ಎಂದರು ಡಾಕ್ಟರಮ್ಮ. ‘ಜೋಂಪಿನಾಗ ಗಂಟಲಾ ಸಡ್ಲ ಇರ್ತದ. ವಾಂತಿ ಬಂದು, ಆ ಬಾಳಿಹಣ್ಣು ಉಸಿರಿನ ದಾರಿಗಿ ಹೋತಂದ್ರ, ನಿಮ್ಮ ಎದಿಗಿ ಅದನ್ನ ತಡಕೊಳ್ಳೋ ತಾಕತ್ತು ಇಲ್ಲ.’

ಇಲ್ಲಿಯವರೆಗೆ ನನಗೆ ನಗು ಬರುತ್ತಿತ್ತು. ಆಗ ನಿಂತಿತು. ಮುಂದಿನ ವಾರದವರೆಗೆ ಈ ಇಬ್ಬರು ಡಾಕ್ಟರುಗಳು ಒಟ್ಟಿಗೆ ಸಿಗುವುದಿಲ್ಲ. ಅಷ್ಟರೊಳಗೆ ಕಣ್ಣಿನ ಮೂಲೆ ಮತ್ತೆ ಬಾತರೆ?

‘ಹಂಗಾದ್ರ ಆ ಜೋಂಪು ಬ್ಯಾಡ್ರಿ’ ಎಂದೆ ಗಟ್ಟಿಯಾಗಿ. ‘ಎಚ್ಚರ ಇದ್ದಾಗನೇ ಮಾಡ್ರಿ. ಬರೇ ಮರಗಟ್ಟೋ ಸೂಜಿ ಸಾಕು. ನಾ ತಡಕೋತೀನಿ.’

ಅವರು ಇಲ್ಲ ಎನ್ನಲಿಲ್ಲ. ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಪರದೆ ನನಗೂ ಕಾಣುವ ಹಾಗೆ ತಿರುಗಿಸಿ, ಕಣ್ಣಿನ ಡಾಕ್ಟರಿಗೆ ಸಿರಿಂಜು ಹಿಡಿದುಕೊಂಡು ನನ್ನ ಹತ್ತಿರ ಬರಲು ಹೇಳಿದರು. ಚುಚ್ಚಲು ಅಲ್ಲ, ಬರೀ ಬರಲು. ಸೂಜಿ ನನ್ನ ಮೂಗಿನಿಂದ ಇನ್ನೂ ಒಂದು ಮೊಳ ದೂರ ಇತ್ತು. ಯಂತ್ರ ಕಿರುಚಲು ಹತ್ತಿತು. ಪರದೆಯ ಮೇಲಿನ ಅಂಕಿಗಳು ಬೇಸಿಗೆಯಲ್ಲಿ ಟೊಮೇಟೊ ದರ ಏರಿದ ಹಾಗೆ ಏರಿದವು. ನನ್ನ ಎದೆಯೂ ಸಣ್ಣಗೆ ರಾಗ ಎತ್ತಿತು.

‘ಇದೇ ಏನ್ರಿ ನಿಮ್ಮ ಧೈರ್ಯ?’ ಎಂದರು ಆಕೆ, ಯಂತ್ರದ ಬಾಯಿ ಮುಚ್ಚಿಸುತ್ತ. ‘ಇಷ್ಟು ಬಿಪಿ ಇದ್ರ ರಕ್ತ ನಿಲ್ಲಂಗಿಲ್ಲ. ಮರಗಟ್ಟೋ ಔಷಧ ಎಷ್ಟು ಹಾಕಿದ್ರೂ ಕಮ್ಮಿನೇ. ಮೊದಲಾ ಮನಸ್ಸಿಗಿ ಮಲಗಿಸಿದ್ರನೇ ಕಣ್ಣಿಂದು ಸಸಾರ ಆಗ್ತದ. ಮುಂದಿನ ವಾರ ಮಧ್ಯಾಹ್ನಕ್ಕ ನಿಮ್ಮ ನಂಬರ್ ಇಡ್ತೀನಿ. ನಸುಕಿನಾಗ, ನಮ್ಮ ಮಂದಿ ಸೆಹ್ರಿ ಊಟ ಮಾಡೋ ಹೊತ್ತಿಗಿ, ಹಗುರ ಏನರ ತಿಂದು ಬಿಡ್ರಿ. ಅಲ್ಲಿಂದ ಏನೂ ಇಲ್ಲ. ನೀರೂ ಇಲ್ಲ. ಏಕಾದಶಿ ಮಾಡಬ್ಯಾಡ್ರಿ ಅಕ್ಕಾರ, ರೋಜಾ ಮಾಡ್ರಿ.’

ಆಮೇಲೆ ಏನೋ ನೆನಪಾಗಿ ಬೆರಳೆತ್ತಿದರು. ‘ದಮ್ಮಿನ ಪಂಪ್ ಮಾತ್ರ ತಪ್ಪಸಬ್ಯಾಡ್ರಿ.’

ವಾಪಸು ಬಸ್ಸಿನಲ್ಲಿ ನಮ್ಮ ಮನೆಯವರು ಬೆರಳು ಎಣಿಸುತ್ತ ಕೂತರು. ಕಪನೂರ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತ, ‘ಒಂದು ಬಾಳಿಹಣ್ಣಿನ ಸಲವಾಗಿ ಎರಡು ಡಾಕ್ಟರು, ಒಂದು ಆಪರೇಷನ್ ಟೇಬಲ್, ನನ್ನ ಒಂದು ರಜಾ’ ಎಂದರು.

‘ಗಟ್ಟಿ ಬಿಡ್ರಿ ಅಂತ ಅಂದವರು ನೀವೇ.’

‘ನಾ ಉಪಾಸಕ್ಕ ಅಂದೆ. ಉಪ್ಪಿಟ್ಟಿನ ತಮ್ಮ ಸಾಬೂದಾನಿಗಿ ಅನ್ನಲಿಲ್ಲ.’

ಆ ವಾರ ನನ್ನ ಮನೆಗೆಲಸವೆಲ್ಲ ಕನ್ನಡಿಯ ಮುಂದೆಯೇ ನಡೆಯಿತು. ಕುಕ್ಕರಿಗೆ ಒಂದು ಸೀಟಿ ಆದರೆ ಹೋಗಿ ನೋಡುವುದು, ಮತ್ತೊಂದು ಆದರೆ ಮತ್ತೆ ನೋಡುವುದು. ಮೂಲೆ ಕೆಂಪಾಗಿದೆಯೋ, ನಾನೇ ಮುಟ್ಟಿ ಮುಟ್ಟಿ ಕೆಂಪು ಮಾಡಿದೆನೋ ತಿಳಿಯುತ್ತಿರಲಿಲ್ಲ.  ಅತ್ತೆ ತಪ್ಪಾಯಿತು ಎನ್ನುವ ಪೈಕಿ ಅಲ್ಲ, ನಾನು ನಿರೀಕ್ಷಿಸಲೂ ಇಲ್ಲ. ದಿನಾ ಎದ್ದ ಕೂಡಲೇ ಕನ್ನಡಕ ಹುಡುಕಿಕೊಂಡು ನನ್ನ ಹತ್ತಿರ ಬಂದು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ‘ಬಾತದೇನು?’ ಎನ್ನುತ್ತಿದ್ದರು. ‘ಇಲ್ರಿ’ ಎಂದರೆ ಬಿಡುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಮತ್ತೊಮ್ಮೆ ಬರುತ್ತಿದ್ದರು. 

ನಮ್ಮ ಗೋಡೆಯ ಆಚೆಯ ಮನೆಯವರು ಹೊಲಿಗೆ ಮಾಡುವ ಹೆಂಗಸು. ನನಗಿಂತ ದೊಡ್ಡವರು, ನಾನು ಆಪಾ ಎನ್ನುತ್ತೇನೆ, ಅವರು ನನಗೆ ವೈನಿ ಎನ್ನುತ್ತಾರೆ. ಅವರ ಹತ್ತಿರ ಹೋಗಿ ರೋಜಾ ಹೇಗೆ ಮಾಡುವುದು ಎಂದು ಕೇಳಿದೆ. ಕೇಳಿದ್ದಕ್ಕೆ ಅವರ ಹೊಲಿಗೆ ಯಂತ್ರ ನಿಂತಿತು.

‘ತಮಾಷಿ ಮಾಡ್ಲಾಕತ್ತೀರೇನ್ ವೈನಿ?’

ಪೂರ್ತಿ ಕಥೆ ಹೇಳಿದೆ. ಬಾಳೆಹಣ್ಣಿಗೆ ಬರುವಷ್ಟರಲ್ಲಿ ಅವರು ನಕ್ಕು ನಕ್ಕು ಬಟ್ಟೆಗೆ ಮುಖ ಒರೆಸಿಕೊಂಡರು. ಆಮೇಲೆ ಗಂಭೀರವಾಗಿ, ‘ನಾ ಗ್ವಾಡಿ ಬಡೀತೀನಿ, ನೀವು ಏಳ್ರಿ. ಹೊಟ್ಟಿಗಿ ಮೊಸರನ್ನ ಹಾಕ್ಕೋರಿ, ನೀರಡಿಕಿ ಆಗಂಗಿಲ್ಲ. ಆಮ್ಯಾಲೆ ಅಡಿಗಿಮನಿ ಕಡಿ ತಿರಗಿ ನೋಡಬ್ಯಾಡ್ರಿ. ನೋಡಿದ್ರನೇ ತಪ್ಪೋದು’ ಎಂದರು. ಪಂಪ್ ಮಾತ್ರ ತೆಗೆದುಕೊಳ್ಳಬೇಕಂತೆ ಎಂದಾಗ ತಲೆ ಅಲ್ಲಾಡಿಸಿದರು. ‘ಪಂಪಿನ ರೋಜಾ! ಇದು ಹೊಸಾದು.’

ಮನೆಯಲ್ಲಿ ಹೇಳಲು ಹಿಂಜರಿಯುತ್ತಿದ್ದೆ, ಕೊನೆಗೆ ಹೇಳಿದೆ. ಅತ್ತೆ ಬತ್ತಿ ಹೊಸೆಯುತ್ತಲೇ ಕೇಳಿಸಿಕೊಂಡರು. ‘ನೀರೂ ಇಲ್ಲ ಅಂದ್ರ ಅದು ನನ್ನ ಏಕಾದಶೀನೇ ಆತಲ್ಲ. ಡಾಕ್ಟರ್ ಮೊದಲೇ ಹಂಗಂತ ಅನ್ನಬೇಕಿತ್ತು’ ಎಂದರು. ಹೀಗೆ ತಪ್ಪು ಕಲಬುರಗಿಗೆ ಹೋಯಿತು.

ಆ ದಿನ ಇನ್ನೂ ಬೆಳಕು ಹರಿಯುವ ಮೊದಲೇ ಗೋಡೆ ಸದ್ದಾಯಿತು. ಹಿಂದಿನ ರಾತ್ರಿ ನುಂಗಿದ ಗುಳಿಗೆಯ ಅಮಲು ಇನ್ನೂ ಇತ್ತು. ಅತ್ತೆ ನನಗಿಂತ ಮೊದಲೇ ಎದ್ದು ಮೊಸರನ್ನ ಕಲಸಿ ಇಟ್ಟಿದ್ದರು. ತಿಂದು ಮುಗಿಸುವವರೆಗೆ ಎದುರಿಗೆ ಕೂತು, ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ, ಅಡುಗೆಮನೆಯ ಬಾಗಿಲು ಎಳೆದುಕೊಂಡು ಚಿಲಕ ಹಾಕಿದರು. ಹಣ್ಣಿನ ಗೊನೆ ಒಳಗೇ ಇತ್ತು.

ಏಕಾದಶಿಯ ಹೆಮ್ಮೆಯೆಲ್ಲ ಬಿಸಿಲು ಏರುವಷ್ಟರಲ್ಲಿ ಇಳಿದುಹೋಯಿತು. ನಾನು ಇಷ್ಟು ವರ್ಷ ಮಾಡಿದ್ದು ಉಪವಾಸವಲ್ಲ, ಅಡುಗೆಯ ಬದಲಾವಣೆ ಎಂದು ಬಸ್ಸಿನಲ್ಲಿ ಗೊತ್ತಾಯಿತು. ಮುಂದಿನ ಸೀಟಿನವನು ನೀರಿನ ಬಾಟಲಿ ಎತ್ತಿದಾಗಲೆಲ್ಲ ನನ್ನ ಗಂಟಲು ತಾನೇ ಗುಟುಕರಿಸುತ್ತಿತ್ತು. ನಾಲಿಗೆ ಹಳೆಯ ಚರ್ಮದ ಚಪ್ಪಲಿ. ಆಪಾ ಒಂದು ತಿಂಗಳು ಪೂರ್ತಿ ಹೀಗೆಯೇ ಇದ್ದು, ಮೇಲೆ ಕುಬಸ ಹೊಲಿಯುತ್ತಾರೆ.

ಕಣ್ಣಿನ ಡಾಕ್ಟರು ಮೂಲೆಯನ್ನು ಮುಟ್ಟಿದರು, ಮತ್ತೆ ಮುಟ್ಟಿದರು. ಅವರ ಹುಬ್ಬು ಸೇರಿತು. ‘ಸಣ್ಣಗ ಬಿಸಿ ಆಗ್ಯಾದ. ಬಾವು ಇನ್ನೂ ಬಂದಿಲ್ಲ. ಇವತ್ತು ಬಿಟ್ರ ನಾಳಿದ್ದು ಬರ್ತಿತ್ತು.’

ಡಾಕ್ಟರಮ್ಮ ನನ್ನ ಬಾಯಿ ನೋಡಿದರು. ತುಟಿ ಅವರದೇ ಹಾಗೆ ಒಣಗಿರುವುದನ್ನು ಕಂಡು, ಈ ಸಲ ಏನೂ ಕೇಳಲಿಲ್ಲ. ‘ಕಬೂಲ್’ ಎಂದಷ್ಟೇ ಹೇಳಿ ಕೈಗೆ ಸೂಜಿ ಸೇರಿಸಿದರು.

ಆ ಸಣ್ಣ ಇಂಜೆಕ್ಷನ್ನಿನ ಬಗ್ಗೆ ಏನು ಹೇಳಲಿ? ನಾನು ಹುಟ್ಟಾ ಕಾಳಜಿಯ ಹೆಂಗಸು. ಮನೆಯಿಂದ ಹೊರಟರೆ ಬೀಗ ಎಳೆದು ನೋಡಿ, ಬೀದಿ ತಿರುವಿನಿಂದ ವಾಪಸು ಬಂದು ಮತ್ತೆ ಎಳೆದು ನೋಡುವವಳು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮದುವೆಯ ಊಟದ ಪಂಕ್ತಿಯಲ್ಲಿ ಎದ್ದು ನಿಂತವಳು. ಆ ಔಷಧ ಕೈಯಿಂದ ಭುಜಕ್ಕೆ, ಭುಜದಿಂದ ತಲೆಗೆ ಬೆಚ್ಚಗೆ ಏರಿದ ಹಾಗೆ, ಗ್ಯಾಸು ಉರಿಯುತ್ತಿದ್ದರೆ ಉರಿಯಲಿ ಎನಿಸಿತು. ಬೀಗ ತೆರೆದಿದ್ದರೆ ಬಂದವರು ಕೂತು ಹೋಗಲಿ. ಮೂಗಿನ ಪಕ್ಕ ಸೂಜಿ ಚುಚ್ಚಿದ್ದು ತಿಳಿಯಿತು. ಯಾರದೋ ಮೂಗು, ಪಾಪ, ಎನಿಸಿತು. ಯಂತ್ರ ಕಿರುಚಲಿಲ್ಲ. ಟಿಕ್ ಟಿಕ್ ಎಂದು ಸಮಾಧಾನದಿಂದ ಹೊಡೆದುಕೊಳ್ಳುತ್ತಿತ್ತು.

ಅದರ ಮಧ್ಯೆ ‘ಕಟ್, ಕಟ್’ ಎಂಬ ಸದ್ದು. ಅಡಕತ್ತಿನಲ್ಲಿ ಅಡಿಕೆ ಒಡೆಯುವ ಸದ್ದೇ. ಯಾರೋ ಬಹಳ ಚೆಂದ ಒಡೆಯುತ್ತಿದ್ದಾರೆ, ಒಂದೇ ಅಳತೆ, ಎಂದು ಮೆಚ್ಚಿಕೊಂಡದ್ದು ನೆನಪಿದೆ. ಅದು ನನ್ನದೇ ಎಲುಬು. ಅದರ ಮುಂದಿನದು ನನಗೆ ನೆನಪಿಲ್ಲ. ನರ್ಸ್ ಬಾಯಿ ಆಮೇಲೆ ನಮ್ಮ ಮನೆಯವರ ಎದುರಿಗೇ ಹೇಳಿದರು. ನಾನು ಕೈ ಚಾಚಿ, ‘ನನಗೂ ಒಂದು ಹೋಳು ಕೊಡ್ರಿ, ಎಲಿ ನನ್ನ ಕಡಿ ಅದ’ ಎಂದೆನಂತೆ. ಕಣ್ಣಿನ ಡಾಕ್ಟರು ಆ ದಿನವಿಡೀ ನಕ್ಕಿದ್ದು ಅದೊಂದೇ ಸಲವಂತೆ.

ಎಚ್ಚರ ತಿಳಿಯಾದಾಗ ಮೂಗಿನಲ್ಲಿ ಬತ್ತಿ, ಕಣ್ಣಿನ ಮೂಲೆಗೆ ಪಟ್ಟಿ. ಎದೆ ಹಗುರವಾಗಿತ್ತು, ಒಂದು ಸ್ವರವೂ ಇರಲಿಲ್ಲ. ನಾನು ಮೊದಲು ಆಡಿದ ಮಾತು, ‘ನೋಡಿದ್ರಿಲ್ಲ, ನಾ ಅಂಜಲಿಲ್ಲ.’

‘ನೀವಲ್ಲ, ನನ್ನ ಇಂಜೆಕ್ಷನ್ ಅಂಜಲಿಲ್ಲ’ ಎಂದರು ಡಾಕ್ಟರಮ್ಮ. ‘ನಾ ತಗದು ಇಟ್ಟಿದ್ದರಾಗ ಅರ್ಧ ಔಷಧ ಹಂಗೇ ಉಳದದ ಅಕ್ಕಾರ. ಅಷ್ಟು ಆರಾಮ ಮಲಗಿದ್ರಿ.’

ಸಂಜೆ ದೂರದ ಮಸೀದಿಯಿಂದ ಬಾಂಗ್ ಕೇಳಿಸಿತು. ಅವರು ನನ್ನ ಮಂಚದ ಪಕ್ಕದಲ್ಲೇ ನಿಂತು ಖರ್ಜೂರ ಬಾಯಿಗೆ ಹಾಕಿಕೊಂಡು, ನನಗೆ ಚಮಚದಲ್ಲಿ ನೀರು ಕುಡಿಸಲು ನರ್ಸಿಗೆ ಹೇಳಿದರು. ಆ ನೀರಿನ ರುಚಿ ಬರೆಯಲು ನನಗೆ ಬರುವುದಿಲ್ಲ. ನಾನು ಖರ್ಜೂರದ ಕಡೆ ನೋಡುವುದನ್ನು ಕಂಡು, ‘ಇವತ್ತು ಇಲ್ಲ. ಇದು ತಿನ್ನೋದರಾಗೇ ಬರ್ತದ’ ಎಂದು ಡಬ್ಬಿ ಮುಚ್ಚಿದರು.

ಇಷ್ಟಾದರೂ ದಾರಿ ಬಿಟ್ಟಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹೊಸ ತೂತು ಕೆಲವರಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ ಎಂದು ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ದರು. ಹೊಲಿಗೆ ಬಿಚ್ಚುವ ದಿನ ಅವರು ಕಣ್ಣಿನ ಮೂಲೆಯ ಸಣ್ಣ ರಂಧ್ರಕ್ಕೆ ಮೊಂಡು ಸೂಜಿ ಇಟ್ಟು, ಸಿರಿಂಜಿನಿಂದ ಏನೋ ನೀರು ಬಿಡಲು ಸಿದ್ಧರಾದರು. ಅದು ಗಂಟಲಿಗೆ ಇಳಿದರೆ ಗೆದ್ದಂತೆ, ಕಣ್ಣಿಂದಲೇ ವಾಪಸು ಬಂದರೆ ಎಲ್ಲ ಮೊದಲಿನಿಂದ. ಈ ಸಲ ಯಾವ ಜೋಂಪೂ ಇರಲಿಲ್ಲ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ನಮ್ಮ ಮನೆಯವರು ನನ್ನ ಕೈ ಹಿಡಿಯಲು ಬಂದು, ಡಾಕ್ಟರು ನೋಡುತ್ತಾರೆಂದು ಚೀಲ ಹಿಡಿದುಕೊಂಡರು.

‘ಗಂಟಲಿಗಿ ಏನರ ಬಂತೇನ್ರಿ?’

ನಾನು ಗುಟುಕರಿಸಿದೆ. ನಾಲಿಗೆಯಿಂದ ಒಮ್ಮೆ ಅಂಗುಳು ಸವರಿ ನೋಡಿದೆ.

‘ಏನಾತು? ಹೇಳು’ ಎಂದರು ನಮ್ಮ ಮನೆಯವರು.

‘ಬಂತ್ರಿ’ ಎಂದೆ. ‘ಆದ್ರ ಉಪ್ಪು ಒಂದೀಟು ಜಾಸ್ತಿ ಆಗ್ಯಾದ.’

ಡಾಕ್ಟರ ಕೈ ಹಾಗೇ ನಿಂತಿತು. ನಮ್ಮ ಮನೆಯವರು ಚೀಲ ಕೆಳಗಿಟ್ಟು, ‘ದವಾಖಾನಿಯಾಗೂ ಅಡಿಗಿಗಿ ಹೆಸರಿಡೋದು ಬಿಡಂಗಿಲ್ಲ ಈಕಿ’ ಎಂದು ಗೋಡೆಗೆ ಹೇಳಿದರು. ಗೋಡೆಗೆ ಹೇಳಿದ ಮೇಲೆ ಬಹಳ ಹೊತ್ತು ಅತ್ತಲೇ ತಿರುಗಿ ನಿಂತಿದ್ದರು. ಡಾಕ್ಟರು ಮತ್ತೊಮ್ಮೆ ನೀರು ಬಿಟ್ಟರು. ಅದೂ ನೇರ ಗಂಟಲಿಗೇ ಬಂತು. ಉಪ್ಪು ಅಷ್ಟೇ ಇತ್ತು, ಆದರೆ ನಾನು ಎರಡನೇ ಸಲ ಏನೂ ಅನ್ನಲಿಲ್ಲ. ಬಡಿಸಿದ್ದನ್ನು ಪೂರ್ತಿ ನುಂಗಿದೆ.